ರಿಪೋರ್ಟ್ ನಾರ್ಮಲ್ ಬಂದ ಮೇಲೆ

“ರಿಪೋರ್ಟ್ ಎಲ್ಲಾ ನಾರ್ಮಲ್ ಅಂದ್ರು ದೊಡ್ಡಮ್ಮ. ಹಾಗಾದ್ರೆ ನನಗಿರೋದು ಬರೀ ಭ್ರಮೆನಾ?” ಅಂತ ಕೇಳಿದೆಯಲ್ಲ, ಆ ಪ್ರಶ್ನೆಗೆ ಫೋನಿನಲ್ಲಿ ಹೇಳಿದ ಎರಡು ಮಾತಿನ ಸಮಾಧಾನ ಸಾಲದು. ಭ್ರಮೆಯಲ್ಲ ಮಗಳೇ. ನಿನ್ನ ಹೊಟ್ಟೆ ಉರಿಯುತ್ತಿರುವುದು ನಿಜ, ತಲೆ ಸಿಡಿಯುತ್ತಿರುವುದು ನಿಜ, ಮುಟ್ಟು ಹಿಂದುಮುಂದಾಗುತ್ತಿರುವುದೂ ನಿಜ. ಸ್ಕ್ಯಾನಿಂಗಿನಲ್ಲಿ ಗಂಟಿದ್ದರೆ ಕಾಣುತ್ತದೆ, ರಕ್ತಪರೀಕ್ಷೆಯಲ್ಲಿ ಸಕ್ಕರೆ ಏರಿದ್ದರೆ ಗೊತ್ತಾಗುತ್ತದೆ. ನಡುರಾತ್ರಿ ಎಚ್ಚರಾಗಿ ಮಾರನೆ ದಿನದ ಮೀಟಿಂಗಿನಲ್ಲಿ ಏನು ಬೈಸಿಕೊಳ್ಳಬೇಕೋ ಅಂತ ಸಂಕಟಪಡುವುದನ್ನು ಅಳೆಯುವ ಕಾಲಂ ಮಾತ್ರ ಆ ಲ್ಯಾಬ್ ಹಾಳೆಯಲ್ಲಿ ಇಲ್ಲ. ರಿಪೋರ್ಟಿನಲ್ಲಿ ಬರಲಿಲ್ಲ ಅಂದಮಾತ್ರಕ್ಕೆ ಕಾಯಿಲೆ ಸುಳ್ಳಾಗುವುದಿಲ್ಲ.

ಇಷ್ಟು ಕಾಲ ತಾಲ್ಲೂಕು ಊರಿನಲ್ಲಿ ಕ್ಲಿನಿಕ್ ನಡೆಸಿದವಳು ನಾನು. ಕುರ್ಚಿಯಲ್ಲಿ ಕೂತು ಹೇಳುವ ಕಾಯಿಲೆ ಒಂದು, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳುವ ಮಾತು ಇನ್ನೊಂದು. “ಗ್ಯಾಸ್ಟ್ರಿಕ್ಕು ಡಾಕ್ಟ್ರಮ್ಮ, ಎದೆಯೆಲ್ಲ ಹಿಡ್ಕೊಂಡಂಗಾಯ್ತದೆ” ಅಂತ ಬಂದವರು ಬಾಗಿಲಲ್ಲಿ ನಿಂತು “ಸೊಸೈಟಿ ಸಾಲದ ನೋಟಿಸು ಬಂದೈತೆ” ಅನ್ನುತ್ತಿದ್ದರು. ಕೈಕಾಲು ಸೆಳೆತ ಅಂತ ಬಂದ ಹೆಂಗಸು ಗುಳಿಗೆ ಚೀಟಿ ಸೆರಗಿಗೆ ಕಟ್ಟಿಕೊಳ್ಳುತ್ತಾ ಗಂಡನ ಕುಡಿತದ ಮಾತು ತೆಗೆಯುತ್ತಿದ್ದಳು. ಬಾಗಿಲ ಬಳಿ ಹೇಳಿದ ಆ ಮಾತೂ ರೋಗದ ವಿವರವೇ. ಅದನ್ನು ಕೇಳಿಸಿಕೊಳ್ಳದೆ ಕೊಟ್ಟ ಔಷಧಿ ಅರ್ಧ ಔಷಧಿ.

ಚಿಂತೆಯೆಂಬುದು ತಲೆಯೊಳಗಿನ ಸಂಗತಿ, ಅದು ಹೊಟ್ಟೆಗೆ ಇಳಿಯುವುದು ಹೇಗೆ ಅಂತ ನಿನಗೆ ಅನ್ನಿಸಬಹುದು. ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೂ ಒಂದೊಂದು ಪುಟ್ಟ ಗ್ರಂಥಿ ಇದೆ, ಅಡ್ರಿನಲ್ ಅಂತ. ಗಾಬರಿಯಾದ ಕ್ಷಣ ಮಿದುಳು ನರಗಳ ಮೂಲಕ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸುರಿದು ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಹೊರಗೆ ಬರುತ್ತದೆ, ಹೊಟ್ಟೆಗೆ ಹೋಗಬೇಕಾದ ರಕ್ತ ಕೈಕಾಲಿಗೆ ತಿರುಗುತ್ತದೆ. ಅದರ ಹಿಂದೆಯೇ ಕಾರ್ಟಿಸಾಲ್ ಬರುತ್ತದೆ. ಸಕ್ಕರೆಯನ್ನು ಮೇಲೆಯೇ ಇಟ್ಟುಕೊಂಡು, ರೋಗನಿರೋಧಕ ಕೆಲಸವನ್ನೂ ಮುಟ್ಟಿನ ಲಯವನ್ನೂ “ಆಮೇಲೆ ನೋಡೋಣ” ಅಂತ ಬದಿಗೆ ತಳ್ಳುತ್ತದೆ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಆಗತಾನೆ ಬಂದಿದ್ದ ಎಕ್ಸ್‌ರೇಯಲ್ಲಿ ಬೆಕ್ಕಿನ ಜೀರ್ಣಕ್ರಿಯೆ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಅದರ ಹೊಟ್ಟೆಯ ಅಲುಗಾಟ ನಿಂತುಬಿಡುತ್ತಿತ್ತು. ಹೆದರಿಕೆಗೂ ಹೊಟ್ಟೆಗೂ ನಂಟಿದೆ ಅಂತ ಕಣ್ಣಾರೆ ಕಂಡ ಅವರು ಅದನ್ನೇ ಹಿಂಬಾಲಿಸಿ 1915ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕಾದಾಡು ಇಲ್ಲವೇ ಓಡು ಅನ್ನುವ ಶರೀರದ ಸಿದ್ಧತೆಯ ಮಾತು ಶುರುವಾದದ್ದು ಅವರಿಂದ.

ಈ ಸಿದ್ಧತೆ ಕೆಟ್ಟದ್ದಲ್ಲ. ಗದ್ದೆ ಬದುವಿನ ಮೇಲೆ ಹಾವು ಕಂಡರೆ ಚಂಗನೆ ಹಾರಿಸುವುದು ಇದೇ. ಪರೀಕ್ಷೆಯ ಹಿಂದಿನ ರಾತ್ರಿ ನಿನ್ನನ್ನು ಎಚ್ಚರವಾಗಿಟ್ಟದ್ದೂ ಇದೇ. ಹಾವು ಹರಿದು ಹೋಯಿತು, ಪರೀಕ್ಷೆ ಮುಗಿಯಿತು, ಎದೆಬಡಿತ ಇಳಿಯಿತು, ಹಸಿವಾಯಿತು. ಅಲ್ಲಿಗೆ ಸರಿ. ಕೆಡುವುದು ಅದು ನಿಲ್ಲದೇ ಹೋದಾಗ. ನಮ್ಮ ಕಡೆ ರೈತರು ಬೋರ್‌ವೆಲ್ ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿಸಿರುತ್ತಾರೆ, ನಿನಗೆ ಗೊತ್ತು. ಕರೆಂಟು ಯಾವ ಹೊತ್ತಿಗೆ ಬಂದರೂ ಮೋಟಾರು ತಾನೇ ಓಡುತ್ತದೆ. ಕೊಳವೆಯಲ್ಲಿ ನೀರಿಲ್ಲದಿದ್ದರೂ ಓಡುತ್ತದೆ, ಬೆಳಗ್ಗೆ ಹೋಗಿ ನೋಡಿದರೆ ಕಾಯಿಲ್ ಸುಟ್ಟಿರುತ್ತದೆ. ನಿನ್ನ ಫೋನು ರಾತ್ರಿ ಹನ್ನೊಂದಕ್ಕೆ ಟಿಂಗ್ ಅಂದಾಗ ನಿನ್ನೊಳಗೆ ಆಗುತ್ತಿರುವುದು ಅದೇ. ಓಡುವುದಕ್ಕೆ ಜಾಗವಿಲ್ಲ, ಕಾದಾಡುವುದಕ್ಕೆ ಎದುರಾಳಿಯಿಲ್ಲ, ಆದರೂ ಶರೀರ ಪೂರ್ತಿ ಸಿದ್ಧತೆ ಮಾಡಿಕೊಂಡು ಹಾಸಿಗೆಯಲ್ಲಿ ಮಲಗಿರುತ್ತದೆ.

ಇದು ನಿಲ್ಲದೇ ಹೋದರೆ ಏನಾಗುತ್ತದೆ ಅಂತ ಮೊದಲು ಕಂಡವರು ಹ್ಯಾನ್ಸ್ ಸೆಲ್ಯೆ. ವಿಯೆನ್ನಾದಲ್ಲಿ ಹುಟ್ಟಿದವರು, ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಹೊಸ ಹಾರ್ಮೋನು ಹುಡುಕುತ್ತಾ ಇಲಿಗಳಿಗೆ ಗ್ರಂಥಿಯ ರಸ ಚುಚ್ಚಿದರು. ಇಲಿಗಳ ಅಡ್ರಿನಲ್ ದಪ್ಪವಾಗಿತ್ತು, ರೋಗ ತಡೆಯುವ ಥೈಮಸ್ ಗ್ರಂಥಿ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹಾರ್ಮೋನು ಸಿಕ್ಕಿತು ಅಂತ ಹಿಗ್ಗಿದರು. ಆದರೆ ಬೇರೆ ಯಾವ ರಸ ಚುಚ್ಚಿದರೂ ಅದೇ ಮೂರು ಗುರುತು. ಚಳಿಯಲ್ಲಿಟ್ಟರೂ ಅದೇ, ಸುಸ್ತಾಗುವಷ್ಟು ಓಡಿಸಿದರೂ ಅದೇ. 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಬರೆದದ್ದು ಒಂದು ಪುಟದಷ್ಟು ಪುಟ್ಟ ಟಿಪ್ಪಣಿ. ಪೆಟ್ಟು ಯಾವುದೇ ಇರಲಿ, ಶರೀರ ಮೊದಲು ಬೆಚ್ಚುತ್ತದೆ, ಆಮೇಲೆ ತಾಳಿಕೊಳ್ಳುತ್ತದೆ, ತಾಳಿಕೊಂಡು ತಾಳಿಕೊಂಡು ಕೊನೆಗೆ ಸೋಲುತ್ತದೆ. ನಡುವಿನ ಆ ತಾಳಿಕೊಳ್ಳುವ ಹಂತವೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆಫೀಸಿಗೆ ಹೋಗುತ್ತಿದ್ದೀ, ಕೆಲಸ ಮುಗಿಸುತ್ತಿದ್ದೀ, ಮನೆಗೆ ಫೋನು ಮಾಡಿ “ಊಟ ಆಯ್ತಮ್ಮ” ಅನ್ನುತ್ತಿದ್ದೀ.

ಇಲಿಯ ಮಾತು ಬಿಡು, ಮನುಷ್ಯರ ಮಾತು ಹೇಳುತ್ತೇನೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳು ಒಂದು ಪ್ರಯೋಗಕ್ಕೆ ಒಪ್ಪಿದರು. ಬೇಸಿಗೆ ರಜೆಯಲ್ಲಿ ಒಮ್ಮೆ ಅವರ ಅಂಗುಳಿನಲ್ಲಿ 3.5 ಮಿಲಿಮೀಟರ್ ಅಗಲದ ಸಣ್ಣ ಗಾಯ ಮಾಡಿದರು, ದೊಡ್ಡ ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಮ್ಮೆ, ಇನ್ನೊಂದು ಬದಿಗೆ. ಅದೇ ವಿದ್ಯಾರ್ಥಿ, ಅದೇ ಬಾಯಿ, ಅದೇ ಅಳತೆಯ ಗಾಯ. ಪರೀಕ್ಷೆಯ ಸಮಯದ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಬೇಕಾಯಿತು, ಅಂದರೆ ಶೇ. 40ರಷ್ಟು ತಡ. ಒಬ್ಬರಿಗೂ ರಜೆಯಲ್ಲಿ ಮಾಯ್ದಷ್ಟು ಬೇಗ ಮಾಯಲಿಲ್ಲ. 1998ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದಾಗಿನಿಂದ, ಯಾರಾದರೂ “ಅದೆಲ್ಲ ಮನಸ್ಸಿನ ಆಟ” ಅಂದರೆ ನನಗೆ ಆ ಅಂಗುಳಿನ ಗಾಯವೇ ನೆನಪಾಗುತ್ತದೆ. ಗಾಯಕ್ಕೆ ನಟಿಸಲು ಬರುವುದಿಲ್ಲ.

ಆ ತಂಡದಲ್ಲಿದ್ದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮೂರು ವರ್ಷ ಮುಂಚೆ ಇನ್ನೊಂದು ಅಧ್ಯಯನ ಮಾಡಿದ್ದರು. ಮರೆವಿನ ಕಾಯಿಲೆ ಹಿಡಿದ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅವರದೇ ವಯಸ್ಸಿನ, ಅಂಥ ಹೊರೆಯಿಲ್ಲದ ಇನ್ನು 13 ಹೆಂಗಸರು. ಎಲ್ಲರ ತೋಳಿನ ಮೇಲೂ ಅಷ್ಟೇ ಪುಟ್ಟ ಗಾಯ. ಆರೈಕೆ ಮಾಡುವವರ ಗಾಯ ಮಾಯಲು ಒಂಬತ್ತು ದಿನ ಹೆಚ್ಚು ಹಿಡಿಯಿತು. ಓದುತ್ತಾ ನಿಮ್ಮಮ್ಮನನ್ನು ನೆನೆದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸೋಂಕಿನ ಕಥೆಯೂ ಹೀಗೆಯೇ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಸುಮಾರು 400 ಮಂದಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ಸಿನ ಹನಿ ಹಾಕಿ ಬೇರೆಯಾಗಿ ಇರಿಸಿದ್ದರು. ಒತ್ತಡ ಹೆಚ್ಚಿದ್ದಷ್ಟೂ ನೆಗಡಿ ಹಿಡಿದವರ ಪ್ರಮಾಣ ಹೆಚ್ಚಿತ್ತು ಅಂತ ಶೆಲ್ಡನ್ ಕೊಹೆನ್ ಮತ್ತು ಜೊತೆಯವರು 1991ರಲ್ಲಿ ತೋರಿಸಿದರು. ವೈರಸ್ ಎಲ್ಲರ ಮೂಗಿಗೂ ಬಿದ್ದಿತ್ತು, ಕಾಯಿಲೆ ಎಲ್ಲರಿಗೂ ಬರಲಿಲ್ಲ.

ಹೃದಯದ ವಿಚಾರದಲ್ಲಿ ನಮ್ಮವರ ಕೈಯೂ ಇರುವ ಒಂದು ದೊಡ್ಡ ಕೆಲಸವಿದೆ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮುಂದೆ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ‘ಇಂಟರ್‌ಹಾರ್ಟ್’ ಅಧ್ಯಯನ ನಡೆಯಿತು. 2004ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಹೃದಯಾಘಾತಕ್ಕೆ ದಾರಿಯಾಗುವ ಒಂಬತ್ತು ಸಂಗತಿಗಳಿದ್ದವು. ಧೂಮಪಾನ, ಬಿ.ಪಿ., ಶುಗರ್, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು ಇವುಗಳ ಸಾಲಿನಲ್ಲೇ ಮನಸ್ಸಿನ ಮತ್ತು ಬಾಳಿನ ಒತ್ತಡವೂ ನಿಂತಿತ್ತು. ಆಫೀಸಿನ ಒತ್ತಡ, ಮನೆಯ ಒತ್ತಡ, ಹಣದ ಮುಗ್ಗಟ್ಟು ಎಲ್ಲವನ್ನೂ ಕೇಳಿ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅದೇ ಅಧ್ಯಯನದಿಂದ ಗೊತ್ತಾದ ಇನ್ನೊಂದು ಮಾತು: ದಕ್ಷಿಣ ಏಷ್ಯಾದವರಾದ ನಮಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ ಬರುತ್ತದೆ, ಉಳಿದ ದೇಶಗಳವರಿಗಿಂತ ಐದಾರು ವರ್ಷ ಮೊದಲೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಡೆ ನಿನ್ನ ಕೈಹಿಡಿದು ನಿಲ್ಲಿಸಲೇಬೇಕು. ಒತ್ತಡವೇ ಎಲ್ಲ ಕಾಯಿಲೆಗೂ ಮೂಲ ಅಂತ ಹೇಳುವವರನ್ನು ನಂಬಬೇಡ. ನಾನು ಓದುವ ಕಾಲದಲ್ಲಿ ಹೊಟ್ಟೆಹುಣ್ಣು ಅಂದರೆ ಖಾರ ಮತ್ತು ಚಿಂತೆ, ಅಷ್ಟೇ. ರೋಗಿಗೆ ಸಪ್ಪೆ ಊಟ ಹೇಳಿ, “ಯೋಚನೆ ಮಾಡಬೇಡಿ” ಅಂತ ಕಳಿಸುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ಊರಿನ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಇಬ್ಬರೂ “ಅಲ್ಲ, ಇದಕ್ಕೆ ಬ್ಯಾಕ್ಟೀರಿಯಾ ಕಾರಣ” ಅಂದರು. ಯಾರೂ ಕೇಳದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೆಲಿಕೋಬ್ಯಾಕ್ಟರ್ ಪೈಲೊರಿ ಅನ್ನುವ ಆ ರೋಗಾಣುವನ್ನು ಎರಡು ವಾರದ ಗುಳಿಗೆಯಿಂದ ಓಡಿಸಬಹುದು. ಎಷ್ಟು ಜನ ವರ್ಷಗಟ್ಟಲೆ ತಮ್ಮ ಸ್ವಭಾವವನ್ನೇ ಹಳಿದುಕೊಂಡು ನರಳಿದರೋ ಅಂತ ನೆನೆದರೆ ಈಗಲೂ ನೋವಾಗುತ್ತದೆ. ಹಾಗಂತ ಚಿಂತೆಗೆ ಪಾಲೇ ಇಲ್ಲವೆಂದೂ ಅಲ್ಲ. 1995ರ ಜನವರಿಯಲ್ಲಿ ಜಪಾನಿನ ಕೋಬೆ ಸುತ್ತ ಭೂಕಂಪವಾದ ಮೇಲೆ ಹೊಟ್ಟೆಹುಣ್ಣಿನಿಂದ ರಕ್ತ ಹೋಗುವವರ ಸಂಖ್ಯೆ ಏರಿತು. ಅವರಲ್ಲಿ ಬಹಳ ಜನರ ಹೊಟ್ಟೆಯಲ್ಲಿ ರೋಗಾಣು ಮೊದಲೇ ಇತ್ತು. ಭೂಕಂಪ ಮಾಡಿದ್ದು ಉಳಿದ ಕೆಲಸ. ಒತ್ತಡ ರೋಗಕ್ಕೆ ಹೆಗಲು ಕೊಡುತ್ತದೆ, ಒಂಟಿಯಾಗಿ ಹೊತ್ತು ತರುವುದು ಅಪರೂಪ.

ಆದ್ದರಿಂದ ಯಾರಿಗಾದರೂ ಕ್ಯಾನ್ಸರ್ ಬಂದಾಗ “ಕೊರಗಿ ಕೊರಗಿ ತಂದುಕೊಂಡಳು” ಅನ್ನುವ ಮಾತು ನಿನ್ನ ಬಾಯಲ್ಲಿ ಬರಬಾರದು. ಚಿಂತೆಯೇ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ರೋಗದ ಮೇಲೆ ಅಪರಾಧವನ್ನೂ ಹೊರಿಸುವುದು ಕ್ರೌರ್ಯ. ನಮ್ಮ ಸಂಬಂಧಿಕರ ಮನೆಗಳಲ್ಲಿ ಆ ಕ್ರೌರ್ಯ ಕಾಫಿ ಲೋಟದ ಜೊತೆಗೇ ನಡೆಯುತ್ತದೆ.

ಇದರ ಇನ್ನೊಂದು ಬದಿಯೂ ಅಷ್ಟೇ ಅಪಾಯದ್ದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ಹೋದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಬಂದ ಹುಡುಗರ ಸಾಲು ನೆನಪಿದೆಯಾ? ಗಾಬರಿಯಿಂದ ಬಂದರು, ನಿಜ. ಆದರೆ ಇ.ಸಿ.ಜಿ. ಮಾಡಿಸಿಕೊಂಡು ಹೋದರಲ್ಲ, ಅದರಿಂದ ನಷ್ಟವೇನಾಯಿತು? ನನಗೆ ದಿಗಿಲು ಮನೆಯಲ್ಲೇ ಉಳಿದವರ ಬಗ್ಗೆ. ಎದೆ ಬಿಗಿದು ಬೆವರು ಕಿತ್ತು ಬಂದರೂ “ಗ್ಯಾಸ್ಟ್ರಿಕ್” ಅಂತ ಸೋಡಾ ಕುಡಿದು ಮಲಗುವವರು. ಹೆಂಗಸಾದರೆ ಮನೆಯವರೇ “ಟೆನ್ಷನ್ ಮಾಡ್ಕೊಂಡಿದಾಳೆ, ಮಲಗಿದ್ರೆ ಸರಿಹೋಗ್ತದೆ” ಅಂದುಬಿಡುತ್ತಾರೆ. ಒತ್ತಡ ಅನ್ನುವ ತೀರ್ಮಾನಕ್ಕೆ ಬರಬೇಕಾದದ್ದು ಪರೀಕ್ಷೆ ಆದ ಮೇಲೆ, ಪರೀಕ್ಷೆಯ ಬದಲಿಗೆ ಅಲ್ಲ. ತೂಕ ಸುಮ್ಮನೆ ಇಳಿದರೆ, ಮಲ ಕಪ್ಪಗಾದರೆ, ಎದೆನೋವು ಎಡತೋಳಿಗೋ ದವಡೆಗೋ ಹರಿದರೆ, ಒಂದು ಬದಿಯ ಕೈಕಾಲು ಸೋತರೆ, ಅದು ಯಾವ ಯೋಚನೆಯಿಂದ ಬಂತು ಅಂತ ಲೆಕ್ಕ ಹಾಕುತ್ತಾ ಕೂರಬೇಡ, ಆಸ್ಪತ್ರೆಗೆ ಹೊರಡು.

ಈಗ ನಿನ್ನ ಕೆಲಸದ ಮಾತು. “ನಾನೇ ವೀಕು ದೊಡ್ಡಮ್ಮ, ಬೇರೆಯವರೆಲ್ಲ ನಿಭಾಯಿಸ್ತಾರೆ” ಅಂದೆ. ನನಗೆ ಸಿಟ್ಟು ಬಂತು, ನಿನ್ನ ಮೇಲಲ್ಲ. ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ನೌಕರರನ್ನು 1967ರಿಂದ ಹಿಂಬಾಲಿಸಿ ನೋಡಿದ ಅಧ್ಯಯನವೊಂದಿದೆ. ಅದರಿಂದ ಹೆಸರಾದವರು ಮೈಕೆಲ್ ಮಾರ್ಮಟ್. ಮೇಲಿನ ಅಧಿಕಾರಿಗಳಿಗೆ ಒತ್ತಡ ಹೆಚ್ಚು, ಅವರೇ ಹೃದಯ ಹಿಡಿದುಕೊಂಡು ಸಾಯುತ್ತಾರೆ ಅಂತ ಲೋಕ ನಂಬಿತ್ತು. ಕಂಡದ್ದು ಉಲ್ಟಾ. ಮೆಟ್ಟಿಲು ಮೆಟ್ಟಿಲಾಗಿ, ಕೆಳಗಿನವರಿಗೇ ಸಾವು ಹೆಚ್ಚು. ತೀರಾ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ತೀರಾ ಮೇಲಿನವರ ಸುಮಾರು ಮೂರು ಪಟ್ಟು. ಸಿಗರೇಟು, ಬಿ.ಪಿ., ಕೊಬ್ಬು ಎಲ್ಲ ಲೆಕ್ಕ ಹಾಕಿ ಕಳೆದ ಮೇಲೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. 1985ರಲ್ಲಿ ಶುರುವಾದ ಎರಡನೆಯ ಸುತ್ತಿನಲ್ಲಿ, ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದವರಿಗೆ ಹೃದ್ರೋಗ ಹೆಚ್ಚು ಅನ್ನುವುದು ಕಂಡಿತು. ಕೆಲಸ ಹೆಚ್ಚಿರುವುದಕ್ಕಿಂತ, ಯಾವಾಗ ಮಾಡಬೇಕು, ಹೇಗೆ ಮಾಡಬೇಕು ಎಂಬುದರಲ್ಲಿ ನಿನ್ನ ಮಾತಿಗೆ ಬೆಲೆಯೇ ಇಲ್ಲದಿರುವುದು ಹೆಚ್ಚು ಸುಡುತ್ತದೆ. ಹಗಲು ಟಾರ್ಗೆಟ್ಟಿಗೆ ಹೊಲಿಯುವ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೂ, ಟ್ರಾಫಿಕ್ಕಿನಲ್ಲಿ ಟೈಮಿಗೆ ಟ್ರಿಪ್ ಮುಗಿಸಬೇಕಾದ ಬಸ್ ಡ್ರೈವರನ್ನೂ ಇದರಲ್ಲಿ ಸೇರಿಸಿಕೋ.

ಗಂಟೆಗಳ ಲೆಕ್ಕವೂ ಇದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಒಟ್ಟಾಗಿ ಹೇಳಿದವು. ಹಾಗಿರುವಾಗ ಇದನ್ನು ನಿನ್ನ ದೌರ್ಬಲ್ಯ ಅಂತ ಕರೆಯುವುದು ಅನ್ಯಾಯ. ನಿನಗೊಂದು ಯೋಗದ ಕ್ಲಾಸು ಇಟ್ಟು, ರಾತ್ರಿಯ ಮೆಸೇಜು ನಿಲ್ಲಿಸದ ಆಫೀಸು ನಿನ್ನ ಆರೋಗ್ಯ ನೋಡುತ್ತಿಲ್ಲ. ಮುಂದಿನ ವರ್ಷ ನೀನು ಟೀಮ್ ಲೀಡ್ ಆಗಬಹುದು ಅಂದೆಯಲ್ಲ, ಆಗ ನಿನ್ನ ಕೈಕೆಳಗಿನ ಹುಡುಗರ ಶಿಫ್ಟು ನೀನು ಬರೆಯುತ್ತೀ. ಅವರ ಬಿ.ಪಿ. ಅಲ್ಲಿದೆ ಅಂತ ತಿಳಿದು ಬರಿ. ಒಂದು ದಿನ ಮುಂಚೆ ಹೇಳು, ಹತ್ತು ಜನರ ಮುಂದೆ ಬೈಯಬೇಡ, ರಜೆ ಕೇಳಿದವರಿಗೆ ಕಾರಣ ಕೇಳಿ ಕುಗ್ಗಿಸಬೇಡ.

ನಿನ್ನ ಮಟ್ಟಿಗೆ ಈಗ ಮಾಡಬೇಕಾದದ್ದು ಏನು? ಮೊದಲು ಆ ತಲೆನೋವಿನ ಗುಳಿಗೆಯ ಪಟ್ಟಿ ಬ್ಯಾಗಿನಿಂದ ತೆಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಗುಳಿಗೆಗಳು ಹೊಟ್ಟೆಯ ಒಳಪದರವನ್ನು ಕೊರೆಯುತ್ತವೆ. ಪೈಲೊರಿ ಬಿಟ್ಟರೆ ಹೊಟ್ಟೆಹುಣ್ಣಿನ ಇನ್ನೊಂದು ದೊಡ್ಡ ಕಾರಣವೇ ಇವು. ವಾರಕ್ಕೆ ಮೂರು ನಾಲ್ಕು ದಿನ ನುಂಗುತ್ತಿದ್ದರೆ ಗುಳಿಗೆಯೇ ತಲೆನೋವು ತರಲು ಶುರುಮಾಡಬಹುದು. ಒತ್ತಡ ತಲೆಗೆ ಬಂತು, ಗುಳಿಗೆಯಾಗಿ ಹೊಟ್ಟೆಗೆ ಇಳಿಯಿತು, ಉರಿ ನಿದ್ದೆ ಕೆಡಿಸಿತು, ನಿದ್ದೆಗೆಟ್ಟಿದ್ದಕ್ಕೆ ಮತ್ತೆ ತಲೆನೋವು. ನಿನ್ನ ಕಾಯಿಲೆಯ ಅರ್ಧ ಈ ಸುತ್ತಿನಲ್ಲೇ ಇದೆ ಅಂತ ನನ್ನ ಅನುಮಾನ. ಎಂಡೋಸ್ಕೋಪಿ ಇನ್ನೂ ಆಗಿಲ್ಲ, ಪೈಲೊರಿ ಪರೀಕ್ಷೆಯೂ ಆಗಿಲ್ಲ. ಹೊಟ್ಟೆಯ ಡಾಕ್ಟರ ಹತ್ತಿರ ಈ ಎರಡನ್ನೂ ಕೇಳು, ಗುಳಿಗೆಯ ವಿಷಯ ಮುಚ್ಚಿಡಬೇಡ. ಮುಟ್ಟಿನ ವಿಷಯಕ್ಕೆ ಥೈರಾಯಿಡ್ ನೋಡಿದ್ದಾರಾ, ಅದನ್ನೂ ಕೇಳು.

ಒಂದು ಹಾಳೆಯಲ್ಲಿ ನೋವು ಬಂದ ದಿನ, ಹೊತ್ತು, ಅದಕ್ಕೆ ಮೊದಲು ಏನು ನಡೆಯಿತು, ಏನು ತಿಂದೆ ಅಂತ ಬರೆದಿಡು. ನೋವು ಭಾನುವಾರ ಸಂಜೆಗೇ ಬರುತ್ತದೆಯೋ, ಒಬ್ಬರ ಫೋನು ಬಂದ ಮೇಲೇ ಬರುತ್ತದೆಯೋ ನಿನಗೇ ಕಾಣುತ್ತದೆ. ಮಧ್ಯಾಹ್ನದ ಊಟವನ್ನು ಮೀಟಿಂಗಿಗೆ ಬಿಟ್ಟುಕೊಡಬೇಡ. ದಿನಾ ಅರ್ಧ ಗಂಟೆ ನಡೆ, ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ. ಎದೆ ಡವಡವ ಅಂದಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು. ಉಸಿರು ಬಿಡುವಾಗ ಹೃದಯ ತುಸು ನಿಧಾನಿಸುತ್ತದೆ, ಅದು ಶರೀರದ ಕಟ್ಟಳೆ. ಇಷ್ಟರಿಂದ ಸಾಲದ ಬಡ್ಡಿ ಇಳಿಯುವುದಿಲ್ಲ, ಮ್ಯಾನೇಜರ್ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಬದಲಾಗುವ ತನಕ ಶರೀರ ಉಳಿದಿರಬೇಕಲ್ಲ.

ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಅಳು ತಾನಾಗಿ ಬರುತ್ತಿದ್ದರೆ, ಬದುಕು ಸಾಕೆನಿಸಿದರೆ ಒಂದು ದಿನವೂ ತಡಮಾಡಬೇಡ. 14416ಕ್ಕೆ ಫೋನು ಮಾಡು. ಟೆಲಿ-ಮಾನಸ್ ಅಂತ 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ನಿಂತಿರುವುದು ನೀನಿರುವ ಬೆಂಗಳೂರಿನದೇ ನಿಮ್ಹಾನ್ಸ್. ನಮ್ಮ ಕಡೆಯ ಹಿರಿಯರು ಆ ಹೆಸರು ಕೇಳಿದರೆ ದನಿ ತಗ್ಗಿಸುತ್ತಾರೆ. ನೀನು ತಗ್ಗಿಸಬೇಡ. ಬಿ.ಪಿ. ತೋರಿಸಲು ಹೋಗುವವರು ಯಾರಿಗೂ ಬಚ್ಚಿಡುವುದಿಲ್ಲ, ಇದೂ ಅಷ್ಟೇ.

ಕೊನೆಗೆ ನಿಮ್ಮಮ್ಮನ ಮಾತು. ನಿಮ್ಮ ಅಜ್ಜಿಗೆ ಮರೆವು ಶುರುವಾದಾಗಿನಿಂದ ಅವಳು ಒಂದು ರಾತ್ರಿ ಪೂರ್ತಿ ಮಲಗಿದ್ದು ನಾನು ಕಾಣೆ. ಅಜ್ಜಿ ಬಾಗಿಲು ತೆಗೆದು ಬೀದಿಗೆ ಹೋದಾರು ಅಂತ ಚಿಲಕದ ಸದ್ದಿಗೇ ಏಳುತ್ತಾಳೆ. ಕೇಳಿದರೆ “ನನಗೇನಾಗಿದೆ ಅಕ್ಕ, ಗುಂಡುಕಲ್ಲಿನ ಹಾಗಿದೀನಿ” ಅನ್ನುತ್ತಾಳೆ. ಬಿ.ಪಿ. ನೋಡಿಸು ಅಂದರೆ ಮುಂದಿನ ವಾರ ಅನ್ನುತ್ತಾಳೆ. ನಾನು ಹೇಳಿದರೆ ತಂಗಿಯಾದವಳು ಕೇಳುವುದಿಲ್ಲ, ಮಗಳು ಹೇಳಿದರೆ ಕೇಳಿಯಾಳು. ಈ ಶನಿವಾರ ಊರಿಗೆ ಹೋಗು. ಎರಡು ರಾತ್ರಿ ಅಜ್ಜಿಯ ಕೋಣೆಯಲ್ಲಿ ನೀನು ಮಲಗು, ಅಮ್ಮನನ್ನು ನನ್ನ ಮನೆಗೆ ಬಸ್ಸು ಹತ್ತಿಸು. ನಿಮ್ಮಪ್ಪನಿಗೂ ಒಂದು ಮಾತು ಹೇಳು: ಅಜ್ಜಿ ಅವರ ತಾಯಿ, ವಾರದಲ್ಲಿ ಮೂರು ರಾತ್ರಿ ಅವರು ನೋಡಿಕೊಳ್ಳಲಿ. ಅಮ್ಮ ಯಾರಿಗೂ ಹೇಳದೆ ನುಂಗುತ್ತಿರುವ ಗುಳಿಗೆಗಳು ಅಡುಗೆಮನೆಯ ಡಬ್ಬದಲ್ಲಿರುತ್ತವೆ, ಅವಳು ಹೊರಡುವಾಗ ಹುಡುಕಿ ಅವಳ ಚೀಲಕ್ಕೆ ಹಾಕು. ಅವಳ ಬಿ.ಪಿ.ಯನ್ನೂ ಶುಗರನ್ನೂ ನಾನು ನೋಡಿ ಭಾನುವಾರ ರಾತ್ರಿ ನಿನಗೆ ಫೋನು ಮಾಡುತ್ತೇನೆ.